ರ‍್ಯಾಟ್-ಸ್ಟ್ಯಾಟ್ಸ್: ಆಡಿಟ್‌ನವರು ಕೇಳೋಕೆ ಮುಂಚೆ ನಾವೇ ತೆಗೆದು ನೋಡಿದ ನೂರು ಫೈಲು

ನಾನು ಅಮೆರಿಕದ ಒಂದು ಸಣ್ಣ ಲ್ಯಾಬ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಆಸ್ಪತ್ರೆಗೆ ಸೇರಿದ್ದಲ್ಲ, ಹೊರಗಿನ ಲ್ಯಾಬ್. ಕ್ಲಿನಿಕ್‌ಗಳಿಂದ ಟ್ಯೂಬ್‌ಗಳು ಬರುತ್ತವೆ, ನಾವು ಪರೀಕ್ಷೆ ಮಾಡಿ ರಿಪೋರ್ಟ್ ಕಳಿಸುತ್ತೇವೆ. ರೋಗಿಗಳಲ್ಲಿ ವಯಸ್ಸಾದವರೇ ಜಾಸ್ತಿ. ಹಾಗಾಗಿ ನಮ್ಮ ಬಿಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಮೆಡಿಕೇರ್‌ಗೆ, ಅಂದರೆ ಮುಖ್ಯವಾಗಿ ವಯಸ್ಸಾದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆಗೆ. ಸರ್ಕಾರದ ದುಡ್ಡು ಅಂದ ಮೇಲೆ ಲೆಕ್ಕ ಕೇಳೋರು ಬಂದೇ ಬರುತ್ತಾರೆ. ಅವರು ಬರುವುದಕ್ಕೆ ಮುಂಚೆ ನಮ್ಮ ಫೈಲ್‌ಗಳನ್ನು ನಾವೇ ನೋಡಿಕೊಳ್ಳೋಣ ಅಂತ ಈ ವರ್ಷ ರ‍್ಯಾಟ್-ಸ್ಟ್ಯಾಟ್ಸ್ ಅನ್ನುವ ತಂತ್ರಾಂಶ ಹಿಡಿದು ಕೂತೆವು. ಎರಡು ತಿಂಗಳು ಅದರ ಜೊತೆ ಕೆಲಸ ಮಾಡಿದ್ದೇನೆ. ಅಮೆರಿಕದ ಮೆಡಿಕಲ್ ಬಿಲ್ಲಿಂಗ್ ಕೆಲಸದಲ್ಲಿ ಕನ್ನಡದವರು ತುಂಬಾ ಜನ ಇದ್ದೀರಿ. ಅದಕ್ಕೇ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಅಮೆರಿಕದ ಆರೋಗ್ಯ ಇಲಾಖೆಗೆ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಅಂತ ಒಂದಿದೆ. ಎಲ್ಲರೂ ಓಐಜಿ ಅಂತಾರೆ. ಮೆಡಿಕೇರ್ ದುಡ್ಡು ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು ಅವರ ಕೆಲಸ. ರ‍್ಯಾಟ್-ಸ್ಟ್ಯಾಟ್ಸ್ ಅವರೇ 1970ರ ದಶಕದ ಕೊನೆಯಲ್ಲಿ ಮಾಡಿಕೊಂಡ ಸಂಖ್ಯಾಶಾಸ್ತ್ರದ ತಂತ್ರಾಂಶ. ಇವತ್ತಿಗೂ ಅವರ ಆಡಿಟ್ ವಿಭಾಗದವರು ಮುಖ್ಯವಾಗಿ ಬಳಸುವುದು ಇದನ್ನೇ. ಅದನ್ನು ಯಾರು ಬೇಕಾದರೂ ಅವರ ವೆಬ್‌ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅಂದರೆ ನಮ್ಮನ್ನು ಅಳೆಯೋಕೆ ಅವರು ತರುವ ತಕ್ಕಡಿಯನ್ನೇ ನಮ್ಮ ಕೈಗೂ ಕೊಟ್ಟಿದ್ದಾರೆ.

ಇದು ಎರಡು ಕೆಲಸ ಮಾಡುತ್ತದೆ. ಸಾವಿರಾರು ಕ್ಲೇಮ್‌ಗಳಲ್ಲಿ (ದುಡ್ಡು ಕೇಳಿ ನಾವು ಕಳಿಸಿದ ಬಿಲ್‌ಗಳು) ಯಾವ ನೂರನ್ನು ತೆಗೆದು ನೋಡಬೇಕು ಅಂತ ಹೇಳುತ್ತದೆ. ಆ ನೂರರಲ್ಲಿ ಸಿಕ್ಕ ತಪ್ಪನ್ನು ಇಟ್ಟುಕೊಂಡು ಒಟ್ಟು ಎಷ್ಟು ದುಡ್ಡು ಜಾಸ್ತಿ ಬಂದಿರಬಹುದು ಅಂತ ಲೆಕ್ಕ ಹಾಕುತ್ತದೆ. ಇನ್ನೂ ಬೇರೆ ಬೇರೆ ಭಾಗಗಳಿವೆ. ನನಗೆ ಬೇಕಾಗಿದ್ದು ಈ ಎರಡೇ.

ಒಂದು ಮಾತು ಈಗಲೇ ಹೇಳಬೇಕು. ಲ್ಯಾಬ್‌ನಲ್ಲಿ ಸ್ಯಾಂಪಲ್ ಅಂದರೆ ಎಲ್ಲರೂ ಟ್ಯೂಬ್ ಕಡೆ ನೋಡುತ್ತಾರೆ. ಆಡಿಟ್‌ನವರ ಬಾಯಲ್ಲಿ ಸ್ಯಾಂಪಲ್ ಅಂದರೆ ಆರಿಸಿದ ಕ್ಲೇಮ್‌ಗಳು. ನಮ್ಮ ಮೊದಲ ಮೀಟಿಂಗ್‌ನಲ್ಲಿ ಹತ್ತು ನಿಮಿಷ ಈ ಗೊಂದಲದಲ್ಲೇ ಹೋಯಿತು. ಆಮೇಲೆ ಆರಿಸಿದ್ದಕ್ಕೆ 'ನೂರು' ಅಂತಲೇ ಕರೆದೆವು. ಇಲ್ಲೂ ಹಾಗೇ ಬರೆಯುತ್ತೇನೆ.

ಇದಕ್ಕೆ ಮುಂಚೆ ನಾವು ಸ್ವಂತ ಪರಿಶೀಲನೆ ಮಾಡುತ್ತಲೇ ಇರಲಿಲ್ಲ ಅಂತಲ್ಲ. ಮೂರು ತಿಂಗಳಿಗೊಮ್ಮೆ ಇಪ್ಪತ್ತು ಫೈಲ್ ತೆಗೆದು ನೋಡುತ್ತಿದ್ದೆವು. ಯಾವ ಇಪ್ಪತ್ತು? ಕೈಗೆ ಸಿಕ್ಕಿದ್ದು. ಕೈಗೆ ಸಿಗುವುದು ಯಾವುದು ಹೇಳಿ? ಎಲ್ಲ ಕಾಗದ ಸರಿಯಾಗಿ ಸ್ಕ್ಯಾನ್ ಆಗಿರುವುದು. ಚೆನ್ನಾಗಿ ದಾಖಲೆ ಕಳಿಸುವ ಕ್ಲಿನಿಕ್‌ನದ್ದು. ಯಾರೂ ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಸುಮ್ನೆ ಹಾಗಾಗುತ್ತದೆ. ಪ್ರತಿ ಸಲ ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಬರುತ್ತಿತ್ತು. ನಾವು ಸಹಿ ಹಾಕಿ ಎತ್ತಿಡುತ್ತಿದ್ದೆವು.

ಹೋದ ವರ್ಷ ಮೆಡಿಕೇರ್ ಪರವಾಗಿ ಕ್ಲೇಮ್ ನೋಡುವ ಗುತ್ತಿಗೆ ಕಂಪನಿಯಿಂದ ಪತ್ರ ಬಂತು. ಟಾರ್ಗೆಟೆಡ್ ಪ್ರೋಬ್ ಅಂಡ್ ಎಜುಕೇಟ್ ಅನ್ನುವ ಪರಿಶೀಲನೆ, ಬಾಯಿಮಾತಿನಲ್ಲಿ ಟಿಪಿಇ. ಒಂದು ಸುತ್ತಿಗೆ 20ರಿಂದ 40 ಕ್ಲೇಮ್ ಕೇಳುತ್ತಾರೆ. ದಾಖಲೆ ಕಳಿಸೋಕೆ 45 ದಿನ. ತಪ್ಪು ಜಾಸ್ತಿ ಇದ್ದರೆ ತಿಳಿಸಿ ಹೇಳಿ ಇನ್ನೊಂದು ಸುತ್ತು, ಹೀಗೆ ಮೂರು ಸುತ್ತಿನ ತನಕ. ನಮ್ಮದು ಮೊದಲ ಸುತ್ತಿನಲ್ಲಿ 30 ಕ್ಲೇಮ್. ಅದರಲ್ಲಿ 12 ತಿರಸ್ಕಾರವಾದವು. ನಮ್ಮ ಲೆಕ್ಕದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಸರಿ, ಅವರ ಲೆಕ್ಕದಲ್ಲಿ ಮೂವತ್ತಕ್ಕೆ ಹನ್ನೆರಡು ತಪ್ಪು. ಆ ಪತ್ರ ಓದಿದ ದಿನ ನನಗೆ ನಿಜಕ್ಕೂ ಅಳು ಬಂತು. ನಾನು ಸಹಿ ಹಾಕಿದ ವರದಿಗಳು ಅವು.

ಎರಡನೇ ಸುತ್ತು ಹೇಗೋ ದಾಟಿದೆವು. ಆಮೇಲೆ ನಮ್ಮ ವಕೀಲರು ಹೇಳಿದ್ದು ಒಂದೇ ಮಾತು. ಫೈಲ್ ಆರಿಸುವ ಕೆಲಸ ನಿಮ್ಮ ಕೈಯಲ್ಲಿ ಇರಬಾರದು. ರ‍್ಯಾಟ್-ಸ್ಟ್ಯಾಟ್ಸ್ ಹೆಸರು ನನಗೆ ಗೊತ್ತಾಗಿದ್ದು ಆಗ.

ತಂತ್ರಾಂಶ ವಿಂಡೋಸ್‌ನಲ್ಲಿ ಓಡುತ್ತದೆ. ನೋಡೋಕೆ ಹಳೇ ಕಾಲದ್ದು. ಬೂದು ಬಣ್ಣದ ಪೆಟ್ಟಿಗೆಗಳು, ಚಿಕ್ಕ ಅಕ್ಷರ, ಚಿತ್ರಗಿತ್ರ ಏನೂ ಇಲ್ಲ. ಇದರಿಂದ ನನಗೆ ಬೇಜಾರಾಗಲಿಲ್ಲ. ಪ್ರತಿ ಪೆಟ್ಟಿಗೆಯೂ ಒಂದೊಂದೇ ಪ್ರಶ್ನೆ ಕೇಳುತ್ತದೆ, ನಾವು ಉತ್ತರ ತುಂಬಬೇಕು, ಅಷ್ಟೇ. ಕೈಪಿಡಿ ಇದೆ. ಆದರೆ ಅದು ಸಂಖ್ಯಾಶಾಸ್ತ್ರ ಓದಿದವರಿಗೆ ಬರೆದ ಹಾಗಿದೆ. ನಾನು ಬಿಕಾಂ ಓದಿದವಳು. ಮೂರು ಸಲ ಓದಿದ ಮೇಲೆ ದಾರಿ ಸಿಕ್ಕಿತು.

ನಂಬರ್ ತೆಗೆಯುವ ಭಾಗ ತುಂಬಾ ಸುಲಭ. ಪರಿಶೀಲನೆಗೆ ಒಂದು ಹೆಸರು ಕೊಡಬೇಕು. ಸೀಡ್ ನಂಬರ್, ಅಂದರೆ ನಂಬರ್‌ಗಳ ಆಯ್ಕೆ ಶುರುವಾಗುವ ಆರಂಭದ ಅಂಕಿ, ನೀವೇ ಕೊಡುತ್ತೀರಾ ಅಂತ ಕೇಳುತ್ತದೆ. ಬೇಡ ಅಂದರೆ ತಾನೇ ಒಂದನ್ನು ಹಾಕಿಕೊಳ್ಳುತ್ತದೆ. ಎಷ್ಟು ನಂಬರ್ ಬೇಕು, ಸ್ಪೇರ್ ಎಷ್ಟು ಬೇಕು, ಪಟ್ಟಿಯ ಮೊದಲ ನಂಬರ್ ಯಾವುದು, ಕೊನೆಯದು ಯಾವುದು. ಒತ್ತಿದರೆ ಮುಗಿಯಿತು. ನೂರು ನಂಬರ್‌ಗಳು ಸಾಲಾಗಿ ಬರುತ್ತವೆ. ಎಕ್ಸೆಲ್‌ಗೂ ಕಳಿಸಬಹುದು, ಪ್ರಿಂಟ್ ಕೂಡ ತೆಗೆಯಬಹುದು.

ಎಕ್ಸೆಲ್‌ನಲ್ಲೇ ರ‍್ಯಾಂಡಮ್ ನಂಬರ್ ಬರುತ್ತಲ್ಲ, ಇದೆಲ್ಲ ಯಾಕೆ ಅಂತ ನಮ್ಮ ಮ್ಯಾನೇಜರ್ ಕೇಳಿದರು. ಉತ್ತರ ಆ ಸೀಡ್‌ನಲ್ಲಿದೆ. ಎಕ್ಸೆಲ್‌ನ ರ‍್ಯಾಂಡ್ ಫಾರ್ಮುಲಾ ಹಾಳೆಯಲ್ಲಿ ಏನಾದರೂ ಬದಲಿಸಿದರೆ ಸಾಕು, ಬೇರೆ ನಂಬರ್ ಕೊಡುತ್ತದೆ. ಮೊದಲು ಯಾವುದು ಬಂದಿತ್ತು ಅಂತ ತೋರಿಸೋಕೆ ಆಗಲ್ಲ. ರ‍್ಯಾಟ್-ಸ್ಟ್ಯಾಟ್ಸ್ ಹಾಗಲ್ಲ. ಅದೇ ಸೀಡ್, ಅದೇ ಪಟ್ಟಿಯ ಉದ್ದ ಕೊಟ್ಟರೆ ಎರಡು ವರ್ಷ ಬಿಟ್ಟು ಇನ್ನೊಬ್ಬರು ಒತ್ತಿದರೂ ಅದೇ ನೂರು ಬರುತ್ತದೆ. 'ನೀವು ಚೆನ್ನಾಗಿರೋದನ್ನೇ ಆರಿಸಿದ್ದೀರಿ' ಅಂತ ಯಾರಾದರೂ ಕೇಳಿದರೆ ಸೀಡ್ ನಂಬರ್ ಕೊಟ್ಟು 'ನೀವೇ ಒತ್ತಿ ನೋಡಿ' ಅನ್ನಬಹುದು. ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಒಂದೇ ಸಲ ಒತ್ತಬೇಕು. ಬಂದ ನೂರು ಇಷ್ಟವಾಗಲಿಲ್ಲ ಅಂತ ಇನ್ನೊಂದು ಸೀಡ್ ಹಾಕಿದರೆ ಹಳೇ ಕಥೆಗೇ ವಾಪಸ್ ಬಂದ ಹಾಗೆ. ನಾವು ಮೊದಲ ಪ್ರಿಂಟ್ ಮೇಲೆ ದಿನಾಂಕ ಬರೆದು ಇಬ್ಬರು ಸಹಿ ಹಾಕಿ ಫೈಲ್ ಮಾಡಿದೆವು.

ಕಷ್ಟ ಇರುವುದು ಒತ್ತೋಕೆ ಮುಂಚೆ. ತಂತ್ರಾಂಶಕ್ಕೆ ನಿಮ್ಮ ಕ್ಲೇಮ್ ಬಗ್ಗೆ ಏನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು 1ರಿಂದ ಇಷ್ಟರ ತನಕ ಅಂತ ಮಾತ್ರ. ಆ ಪಟ್ಟಿ ಮಾಡುವುದು ನಮ್ಮ ಕೆಲಸ. ಆಡಿಟ್‌ನವರು ಅದನ್ನು ಸ್ಯಾಂಪ್ಲಿಂಗ್ ಫ್ರೇಮ್ ಅನ್ನುತ್ತಾರೆ. ನಾವು ಆರಿಸಿಕೊಂಡಿದ್ದು ವಿಟಮಿನ್ ಡಿ ಪರೀಕ್ಷೆ, ಬಿಲ್ಲಿಂಗ್ ಕೋಡ್ 82306. ಎಲ್ಲರಿಗೂ ಬರೆಯುವ ಪರೀಕ್ಷೆ ಅದು. ಮೆಡಿಕೇರ್ ಮಾತ್ರ ಎಲ್ಲರಿಗೂ ಕೊಡಲ್ಲ, ಮೂಳೆ ಸವೆತ, ಕಿಡ್ನಿ ತೊಂದರೆ ಹೀಗೆ ಕಾರಣ ಕೇಳುತ್ತದೆ.

ಪಟ್ಟಿ ಮಾಡುವಾಗ ಮೊದಲ ಸಲ ಎಡವಿದೆ. ಲ್ಯಾಬ್ ಸಾಫ್ಟ್‌ವೇರ್‌ನಿಂದ ಆ ವರ್ಷ ಮಾಡಿದ ಎಲ್ಲ ವಿಟಮಿನ್ ಡಿ ಪರೀಕ್ಷೆಗಳನ್ನೂ ತೆಗೆದೆ. ಅದರಲ್ಲಿ ಖಾಸಗಿ ಇನ್ಶೂರೆನ್ಸ್‌ನವರೂ ಇದ್ದರು, ಮೆಡಿಕೇರ್ ದುಡ್ಡೇ ಕೊಡದೆ ವಾಪಸ್ ಕಳಿಸಿದ್ದೂ ಇತ್ತು. ಬೇಕಾಗಿದ್ದು ಮೆಡಿಕೇರ್ ದುಡ್ಡು ಕೊಟ್ಟ ಸಾಲುಗಳು ಮಾತ್ರ. ಅದಕ್ಕೆ ಹೋಗಬೇಕಾಗಿದ್ದು ರೆಮಿಟೆನ್ಸ್ ಫೈಲ್‌ಗೆ, ಅಂದರೆ ಯಾವ ಕ್ಲೇಮ್‌ಗೆ ಎಷ್ಟು ದುಡ್ಡು ಬಂತು ಅನ್ನುವ ದಾಖಲೆಗೆ. ಅಲ್ಲಿಂದ ತೆಗೆದಾಗ 2,140 ಸಾಲು ಬಂತು. (ಇಲ್ಲಿ ಬರೆಯುವ ನಮ್ಮ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಲೆಕ್ಕ ಮಾತ್ರ ಸರಿಯಾಗಿದೆ.) ದುಡ್ಡಿನ ಕಾಲಂನಲ್ಲೂ ಹಾಗೇ. ಮೆಡಿಕೇರ್ ದರಪಟ್ಟಿಯಲ್ಲಿ 82306ಕ್ಕೆ 29.60 ಡಾಲರ್ ಇದೆ ಅಂತ ಅದನ್ನೇ ತುಂಬಿಬಿಟ್ಟಿದ್ದೆ. ಆದರೆ ನಮ್ಮ ಕೈಗೆ ಬಂದಿದ್ದು 29.01. ಸೀಕ್ವೆಸ್ಟ್ರೇಷನ್ ಅಂತ 2 ಪರ್ಸೆಂಟ್ ಕಡಿತವಿದೆ. ಒಂದು ಸಾಲಿಗೆ 59 ಸೆಂಟ್ ಅಷ್ಟೇ, ಸಾವಿರಾರು ಸಾಲಿಗೆ ಅದು ಚಿಕ್ಕ ಮೊತ್ತ ಅಲ್ಲ ಅಲ್ವಾ?

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ನಂಬರ್ ತೆಗೆದಾಗಿತ್ತು. ಪಟ್ಟಿ ಎಕ್ಸೆಲ್‌ನಲ್ಲಿತ್ತು. ಕ್ರಮಸಂಖ್ಯೆಗೆ ಬೇರೆ ಕಾಲಂ ಇರಲಿಲ್ಲ, ಎಕ್ಸೆಲ್‌ನ ಎಡಗಡೆಯ ಸಾಲಿನ ನಂಬರನ್ನೇ ಲೆಕ್ಕಕ್ಕಿಟ್ಟುಕೊಂಡಿದ್ದೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಹುಡುಕೋಕೆ ಸುಲಭವಾಗಲಿ ಅಂತ ಕ್ಲಿನಿಕ್ ಹೆಸರಿನ ಪ್ರಕಾರ ಜೋಡಿಸಿ ಸೇವ್ ಮಾಡಿದಳು. 417ನೇ ಸಾಲಿನಲ್ಲಿ ಇದ್ದವರು ಈಗ ಎಲ್ಲೋ, ಅಲ್ಲಿ ಬೇರೆ ಯಾರೋ. ನೂರೂ ಹಾಳು. ಪುಣ್ಯಕ್ಕೆ ಹಿಂದಿನ ದಿನದ ಬ್ಯಾಕಪ್ ಇತ್ತು. ಅವಳದ್ದು ತಪ್ಪಿಲ್ಲ, ನಾನು ಹೇಳಿರಲಿಲ್ಲ. ಆಮೇಲೆ ಮೊದಲ ಕಾಲಂನಲ್ಲಿ 0001ರಿಂದ 2140ರ ತನಕ ಅಂಕಿಗಳನ್ನೇ ಬರೆದು, ಫಾರ್ಮುಲಾ ಹಾಕದೆ, ಫೈಲ್‌ಗೆ ಬೀಗ ಹಾಕಿಟ್ಟೆ. ಇದನ್ನು ಬಳಸೋರು ದಯವಿಟ್ಟು ಮೊದಲು ಈ ಕೆಲಸ ಮಾಡಿ.

ಈಗ ಸ್ಪೇರ್ ವಿಷಯ. ನೂರರ ಜೊತೆ ಹತ್ತು ಸ್ಪೇರ್ ನಂಬರ್ ತೆಗೆದುಕೊಂಡಿದ್ದೆವು. ಅದೇ ಹುಡುಗಿ ಒಂದು ಸಂಜೆ ಬಂದಳು.

'ಅಕ್ಕಾ, 0932ಕ್ಕೆ ಡಾಕ್ಟರ್ ನೋಟ್ಸ್ ಸಿಗ್ತಾನೇ ಇಲ್ಲ. ಕ್ಲಿನಿಕ್‌ನವರಿಗೆ ಮೂರು ಸಲ ಫೋನ್ ಮಾಡ್ದೆ. ಇದನ್ನ ಬಿಟ್ಟು ಸ್ಪೇರ್ ಹಾಕೋಣ್ವಾ?'

'ಹಾಕೋ ಹಾಗಿಲ್ಲಮ್ಮ.'

'ಹತ್ತು ಇದೆಯಲ್ಲ ಅಕ್ಕಾ, ಯಾತಕ್ಕೆ ತೆಗೆದಿದ್ದು ಮತ್ತೆ?'

ಕೇಳಿದ್ದು ನ್ಯಾಯವಾದ ಪ್ರಶ್ನೆ. ಸ್ಪೇರ್ ಇರುವುದು ಪಟ್ಟಿಯಲ್ಲಿ ಇರಲೇಬಾರದಿದ್ದ ಸಾಲು ಒಳಗೆ ನುಸುಳಿದ್ದರೆ, ಉದಾಹರಣೆಗೆ ಒಂದೇ ಪಾವತಿ ಎರಡು ಸಲ ಪಟ್ಟಿಗೆ ಬಂದಿದ್ದರೆ, ಅದರ ಬದಲಿಗೆ. ದಾಖಲೆ ಸಿಗದೇ ಇರುವುದಕ್ಕಲ್ಲ. ದಾಖಲೆ ಸಿಗಲಿಲ್ಲ ಅನ್ನುವುದೇ ಆಡಿಟ್‌ನಲ್ಲಿ ತಪ್ಪು. ಅವರು ಬಂದಾಗ 'ಇದು ಬೇಡ, ಪಕ್ಕದ್ದು ನೋಡಿ' ಅನ್ನೋಕೆ ಆಗುತ್ತಾ? 0932ರ ಮುಂದೆ ಪೂರ್ತಿ 29.01 ತಪ್ಪು ಅಂತ ಬರೆದೆವು. ಆ ಹುಡುಗಿಗೆ ಅದು ತುಂಬಾ ಬೇಸರವಾಯಿತು. ಪರೀಕ್ಷೆ ಮಾಡಿದ್ದೇವೆ, ರಿಪೋರ್ಟ್ ಕೊಟ್ಟಿದ್ದೇವೆ, ರಿಯೇಜೆಂಟ್ ಖರ್ಚಾಗಿದೆ, ಇನ್ಯಾರದ್ದೋ ಕಾಗದ ಇಲ್ಲ ಅಂತ ದುಡ್ಡು ವಾಪಸ್ ಕೊಡಬೇಕಾ?

ಲ್ಯಾಬ್‌ನವರ ದೊಡ್ಡ ಸಂಕಟ ಇದೇ. ನಮ್ಮ ಬಿಲ್ ನಿಲ್ಲುವುದು ನಮ್ಮ ಹತ್ತಿರ ಇಲ್ಲದ ಕಾಗದದ ಮೇಲೆ. ರೋಗಿಯನ್ನು ನೋಡುತ್ತಿರುವ ಡಾಕ್ಟರೇ ಪರೀಕ್ಷೆ ಬರೆದಿರಬೇಕು ಅಂತ ಮೆಡಿಕೇರ್ ನಿಯಮ. ಆರ್ಡರ್ ಫಾರ್ಮ್ ಮೇಲೆ ಅವರ ಸಹಿ ಇರಲೇಬೇಕು ಅಂತಿಲ್ಲ. ಆದರೆ ಸಹಿ ಇಲ್ಲದಿದ್ದರೆ ಆ ದಿನದ ನೋಟ್ಸ್‌ನಲ್ಲಿ ಈ ಪರೀಕ್ಷೆ ಮಾಡಿಸಬೇಕು ಅನ್ನುವ ಉದ್ದೇಶ ಕಾಣಬೇಕು, ಆ ನೋಟ್ಸ್‌ಗೆ ಸಹಿ ಇರಬೇಕು. ಆ ನೋಟ್ಸ್ ಇರುವುದು ಕ್ಲಿನಿಕ್‌ನಲ್ಲಿ. ದುಡ್ಡು ತಗೊಂಡಿದ್ದು ನಾವು, ಹಾಗಾಗಿ ತೋರಿಸಬೇಕಾದವರೂ ನಾವು. 'ಲ್ಯಾಬ್ಸ್ ಮಾಡಿಸಿ' ಅಂತ ಎರಡು ಪದ ಬರೆದಿದ್ದರೆ ಯಾವ ಲ್ಯಾಬ್ಸ್ ಅಂತ ಆಡಿಟ್‌ನವರು ಕೇಳುತ್ತಾರೆ. ಇದಕ್ಕೆ ಯಾವ ತಂತ್ರಾಂಶವೂ ಸಹಾಯ ಮಾಡಲ್ಲ. ಫೋನ್ ಹಿಡಿದು ಕೂರಬೇಕು. ನೂರು ಫೈಲ್‌ಗೆ ನಮಗೆ ಹಿಡಿದಿದ್ದು ಆರು ವಾರ. ಆಗ ಅರ್ಥವಾಯಿತು, 45 ದಿನ ಅಂದರೆ ಎಷ್ಟು ಕಡಿಮೆ ಅಂತ.

ಒಂದು ಫೈಲ್ ಬಗ್ಗೆ ಬಿಡಿಸಿ ಹೇಳುತ್ತೇನೆ. 0417. ಮೇಜಿನ ಮೇಲೆ ಐದು ಕಾಗದ ಸಾಲಾಗಿ ಇಟ್ಟೆವು. ಆರ್ಡರ್ ಫಾರ್ಮ್, ಡಾಕ್ಟರ್ ನೋಟ್ಸ್, ರಕ್ತ ತೆಗೆದ ದಿನಾಂಕ ಸಮಯದ ದಾಖಲೆ, ರಿಪೋರ್ಟ್, ಮೆಡಿಕೇರ್‌ಗೆ ಹೋದ ಕ್ಲೇಮ್. ರಕ್ತ ತೆಗೆದ ದಿನವೂ ಕ್ಲೇಮ್‌ನ ದಿನವೂ ಒಂದೇ ಇತ್ತು, ಟ್ಯೂಬ್ ಲ್ಯಾಬ್‌ಗೆ ಬಂದ ದಿನ ಹಾಕಿರಲಿಲ್ಲ. ರಿಪೋರ್ಟ್ ಇದೆ, ಕೋಡ್ ಸರಿ. ನೋಟ್ಸ್ ನಾಲ್ಕು ಪುಟ. ಓದಿದೆ. ಬಿಪಿ, ಮಂಡಿ ನೋವು, ನಿದ್ದೆ ಬರಲ್ಲ. ಕೊನೆಯಲ್ಲಿ ಕೊಲೆಸ್ಟ್ರಾಲ್, ಕಿಡ್ನಿ ಪರೀಕ್ಷೆ ಮಾಡಿಸಬೇಕು ಅಂತಿದೆ. ವಿಟಮಿನ್ ಡಿ ಅನ್ನುವ ಪದವೇ ಇಲ್ಲ. ಮತ್ತೆ ಹೇಗೆ ಬಂತು?

ಆರ್ಡರ್ ಫಾರ್ಮ್ ಎತ್ತಿಕೊಂಡೆ. ಡಾಕ್ಟರ್ ಒಂದೇ ಒಂದು ಪೆಟ್ಟಿಗೆಗೆ ಟಿಕ್ ಹಾಕಿದ್ದಾರೆ. 'ರೊಟೀನ್ ಹಿರಿಯರ ಪ್ಯಾನೆಲ್'. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏಳು ಪರೀಕ್ಷೆ. ಏಳನೆಯದು ವಿಟಮಿನ್ ಡಿ. ಅದು ನಮ್ಮದೇ ಫಾರ್ಮ್. ವರ್ಷಗಳ ಹಿಂದೆ ನಾವೇ ಅಚ್ಚು ಹಾಕಿಸಿ ಕ್ಲಿನಿಕ್‌ಗಳಿಗೆ ಹಂಚಿದ್ದು. ಆಮೇಲೆ ಹೊಸ ಫಾರ್ಮ್ ಮಾಡಿದೆವು, ಹಳೇದನ್ನು ವಾಪಸ್ ತಗೊಳ್ಳಲಿಲ್ಲ. ಆ ಕ್ಲಿನಿಕ್‌ನವರು ಇನ್ನೂ ಹಳೇ ಕಟ್ಟು ಖಾಲಿ ಮಾಡುತ್ತಿದ್ದರು.

ಓಐಜಿ 1998ರ ಆಗಸ್ಟ್‌ನಲ್ಲೇ ಲ್ಯಾಬ್‌ಗಳಿಗೆ ಅಂತ ಮಾರ್ಗಸೂಚಿ ಕೊಟ್ಟಿದೆ. ಆರ್ಡರ್ ಫಾರ್ಮ್ ಹೇಗಿರಬೇಕು ಅಂದರೆ, ಡಾಕ್ಟರ್ ಪ್ರತಿ ಪರೀಕ್ಷೆಯನ್ನೂ ತಿಳಿದು ಆರಿಸುವ ಹಾಗಿರಬೇಕು ಅಂತ ಅದರಲ್ಲಿದೆ. ನಾನು ಅದನ್ನು ಓದಿದ್ದೆ. ತರಬೇತಿಯಲ್ಲಿ ಬೇರೆಯವರಿಗೆ ಹೇಳಿಯೂ ಇದ್ದೆ. ಆದರೆ ನಮ್ಮ ಕಪಾಟಿನ ಹೊರಗೆ, ಕ್ಲಿನಿಕ್‌ನ ಡ್ರಾಯರ್‌ನಲ್ಲಿ ಇನ್ನೂ ಹಳೇ ಫಾರ್ಮ್ ಇದೆ ಅಂತ ಗೊತ್ತಿರಲಿಲ್ಲ. ಕೈಗೆ ಸಿಕ್ಕ ಇಪ್ಪತ್ತು ಫೈಲ್ ನೋಡುತ್ತಿದ್ದಷ್ಟು ದಿನ ಇದು ಸಿಗುತ್ತಲೇ ಇರಲಿಲ್ಲ. ಆ ಕ್ಲಿನಿಕ್ ಫ್ಯಾಕ್ಸ್‌ನಲ್ಲಿ ಕಳಿಸುವುದು, ಅಕ್ಷರ ಮಸುಕು, ಹಾಗಾಗಿ ಅದರ ಫೈಲ್ ಯಾರೂ ಮುಟ್ಟುತ್ತಿರಲಿಲ್ಲ. ರ‍್ಯಾಟ್-ಸ್ಟ್ಯಾಟ್ಸ್‌ಗೆ ಮಸುಕು ಗೊತ್ತಿಲ್ಲ, ಅದು ನಂಬರ್ ಕೊಟ್ಟಿತು. ನಾನು ಈ ತಂತ್ರಾಂಶವನ್ನು ಮೆಚ್ಚುವುದು ಈ ಒಂದು ಕಾರಣಕ್ಕೇ.

ನೂರರಲ್ಲಿ ಒಟ್ಟು 11 ತಪ್ಪು ಸಿಕ್ಕವು. ಏಳು ಇದೇ ಹಳೇ ಫಾರ್ಮ್‌ನವು. ಎರಡಕ್ಕೆ ನೋಟ್ಸ್ ಸಿಗಲೇ ಇಲ್ಲ. ಒಂದರಲ್ಲಿ ಡಾಕ್ಟರ್ ಕೇಳಿದ್ದು 1,25 ಡೈಹೈಡ್ರಾಕ್ಸಿ ವಿಟಮಿನ್ ಡಿ, ಅದರ ಕೋಡ್ 82652. ನಾವು ಮಾಡಿ ಬಿಲ್ ಮಾಡಿದ್ದು 25 ಹೈಡ್ರಾಕ್ಸಿ, ಅಂದರೆ 82306. ಇನ್ನೊಂದು ಕಾರಣವಿಲ್ಲದೆ ಬೇಗನೆ ಮತ್ತೆ ಮಾಡಿದ ಪರೀಕ್ಷೆ.

ಇಲ್ಲಿಂದ ತಂತ್ರಾಂಶದ ಎರಡನೇ ಕೆಲಸ. ನೂರು ಸಾಲಿನ ಚಿಕ್ಕ ಫೈಲ್ ಮಾಡಬೇಕು. ಕ್ರಮಸಂಖ್ಯೆ, ಮೆಡಿಕೇರ್ ಕೊಟ್ಟಿದ್ದು ಎಷ್ಟು, ನಮ್ಮ ಪ್ರಕಾರ ಕೊಡಬೇಕಾಗಿದ್ದು ಎಷ್ಟು. ಇಷ್ಟೇ. ರೋಗಿಯ ಹೆಸರು, ಹುಟ್ಟಿದ ದಿನ ಏನೂ ಬೇಡ. ಗೌಪ್ಯತೆಯ ದೃಷ್ಟಿಯಿಂದ ಇದು ನನಗೆ ಸಮಾಧಾನ ಕೊಟ್ಟಿತು. ತಂತ್ರಾಂಶ ಓಡುವುದೂ ನಮ್ಮ ಕಂಪ್ಯೂಟರ್‌ನಲ್ಲೇ. ಒಟ್ಟು ಪಟ್ಟಿ 2,140 ಅಂತ ಕೊಟ್ಟು ಒತ್ತಿದೆ.

ಒಂದು ಪುಟದ ಉತ್ತರ ಬಂತು. ಒಟ್ಟು ಜಾಸ್ತಿ ಬಂದ ದುಡ್ಡಿನ ಅಂದಾಜು ಸುಮಾರು 6,829 ಡಾಲರ್. ಅದರ ಕೆಳಗೆ 80, 90, 95 ಪರ್ಸೆಂಟ್ ನಂಬಿಕೆಯ ಮಟ್ಟದಲ್ಲಿ ಕೆಳಮಿತಿ, ಮೇಲ್ಮಿತಿ. 90ರ ಸಾಲಿನಲ್ಲಿ ಕೆಳಗೆ 3,664, ಮೇಲೆ 9,994. ಮೊದಲ ಸಲ ನೋಡಿದಾಗ ಇದೇನು, ಮೂರೂವರೆ ಸಾವಿರವೋ ಹತ್ತು ಸಾವಿರವೋ ಅಂತ ಗಾಬರಿಯಾಯಿತು. ಅರ್ಥ ಇಷ್ಟೇ. ನೂರು ಮಾತ್ರ ನೋಡಿ 2,140ರ ಬಗ್ಗೆ ಮಾತಾಡುತ್ತಿದ್ದೇವೆ, ಹಾಗಾಗಿ ಆಚೆ ಈಚೆ ಇದ್ದೇ ಇರುತ್ತದೆ. ಓಐಜಿ ತನ್ನ ಆಡಿಟ್‌ಗಳಲ್ಲಿ ವಾಪಸ್ ಕೇಳುವಾಗ ಸಾಮಾನ್ಯವಾಗಿ ಈ 90ರ ಕೆಳಮಿತಿಯನ್ನೇ ಹಿಡಿಯುತ್ತದೆ. ನಿಜವಾದ ಮೊತ್ತಕ್ಕಿಂತ ಜಾಸ್ತಿ ಕೇಳಿಬಿಡುವ ಸಾಧ್ಯತೆ ಕಡಿಮೆಯಿರಲಿ ಅಂತ. ಆದರೆ ನಾವೇ ಓಐಜಿ ಮುಂದೆ ಹೋಗಿ ಸ್ವಯಂ ಘೋಷಣೆ ಮಾಡಿದರೆ ಅಲ್ಲಿ ಕನಿಷ್ಠ ನೂರು ನೋಡಿರಬೇಕು, ಮತ್ತು ಲೆಕ್ಕಕ್ಕೆ ಬರುವುದು ನಡುವಿನ ಅಂದಾಜು. ನಾವು ನೂರು ಅಂತ ಹಿಡಿದಿದ್ದೂ ಆ ನಿಯಮ ನೋಡಿಯೇ. ನಾನೂರು ಫೈಲ್ ನೋಡಿ ಇದೇ ಪ್ರಮಾಣದ ತಪ್ಪು ಸಿಕ್ಕಿದ್ದರೆ ಕೆಳಮಿತಿ ಸುಮಾರು 5,400ಕ್ಕೆ ಏರುತ್ತಿತ್ತು, ಅಂದಾಜಿಗೆ ಹತ್ತಿರ ಬರುತ್ತಿತ್ತು. ಆದರೆ ನಾನೂರು ಸಲ ಕ್ಲಿನಿಕ್‌ಗಳಿಗೆ ಫೋನ್ ಮಾಡುವವರು ಯಾರು?

ಈ ಪುಟ ನಮಗೆ ಸಮಸ್ಯೆಯ ಗಾತ್ರ ತೋರಿಸಿತು. ದುಡ್ಡು ವಾಪಸ್ ಕೊಡುವಾಗ ನಾವು ಈ ಅಂದಾಜನ್ನು ಬಳಸಲಿಲ್ಲ. ಹಳೇ ಫಾರ್ಮ್ ಕಾರಣ ಅಂತ ಗೊತ್ತಾದ ಮೇಲೆ ಆ ಫಾರ್ಮ್‌ನಲ್ಲಿ ಬಂದ ಕ್ಲೇಮ್‌ಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಲು ಸಾಧ್ಯವಿತ್ತು. ವಕೀಲರ ಸಲಹೆಯೂ ಅದೇ. ಜಾಸ್ತಿ ಬಂದ ದುಡ್ಡು ಗುರುತಿಸಿದ 60 ದಿನದೊಳಗೆ ತಿಳಿಸಿ ವಾಪಸ್ ಕೊಡಬೇಕು. ಆರು ವರ್ಷ ಹಿಂದಕ್ಕೆ ಹೋಗಿ ನೋಡಬೇಕು. 2025ರ ಜನವರಿ 1ರಿಂದ ನಿಯಮ ಸ್ವಲ್ಪ ಬದಲಾಗಿದೆ. ಪ್ರಾಮಾಣಿಕವಾಗಿ ತನಿಖೆ ನಡೆಸುತ್ತಿದ್ದರೆ ಆ 60 ದಿನದ ಗಡುವನ್ನು 180 ದಿನದ ತನಕ ತಡೆಹಿಡಿಯಬಹುದು. ನಮಗೆ ಅದು ಬೇಕೇ ಬೇಕಾಯಿತು, ಹಳೇ ವರ್ಷಗಳ ಫಾರ್ಮ್‌ಗಳು ಗೋದಾಮಿನ ಪೆಟ್ಟಿಗೆಗಳಲ್ಲಿದ್ದವು. ಇಂಥ ಪರಿಶೀಲನೆ ಶುರು ಮಾಡುವುದಕ್ಕೆ ಮುಂಚೆಯೇ ವಕೀಲರ ಹತ್ತಿರ ಮಾತಾಡಿ ಅಂತ ಹೇಳುವುದು ಅದಕ್ಕೇ. ತಪ್ಪು ಕಂಡ ಮೇಲೆ ಕಾಣದ ಹಾಗೆ ಇರೋಕೆ ಕಾನೂನು ಬಿಡಲ್ಲ.

ಇನ್ನು ಕೊರತೆಗಳು. ಒಂದು, ಭಾಷೆ. ಉತ್ತರದ ಪುಟದಲ್ಲಿ ಸ್ಕ್ಯೂನೆಸ್, ಕರ್ಟೋಸಿಸ್ ಅಂತೆಲ್ಲ ಬರುತ್ತದೆ. ಇದು ಯಾಕೆ, ಇದರಿಂದ ನೀವೇನು ತಿಳಿದುಕೊಳ್ಳಬೇಕು ಅಂತ ಪಕ್ಕದಲ್ಲಿ ಒಂದು ಸಾಲು ಇದ್ದಿದ್ದರೆ ನನ್ನಂಥವರಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಎರಡು, ಮ್ಯಾಕ್ ಕಂಪ್ಯೂಟರ್ ಇಟ್ಟುಕೊಂಡವರು ಬೇರೆ ದಾರಿ ನೋಡಬೇಕು. ಮೂರನೆಯದು ನನಗೆ ನಿಜಕ್ಕೂ ತೊಂದರೆ ಅನ್ನಿಸಿದ್ದು. ಇದು ಕೊಟ್ಟ ಅಂಕಿಯನ್ನು ಹಾಗೇ ನಂಬುತ್ತದೆ. ಪಟ್ಟಿಯಲ್ಲಿ ಒಂದೇ ಕ್ಲೇಮ್ ಎರಡು ಸಲ ಇದ್ದರೂ, ನಮ್ಮ ಹಾಗೆ ಖಾಸಗಿ ಇನ್ಶೂರೆನ್ಸ್ ಸೇರಿಸಿಬಿಟ್ಟರೂ, ಚೊಕ್ಕವಾಗಿ ಉತ್ತರ ಕೊಡುತ್ತದೆ. ಪ್ರಿಂಟ್ ನೋಡೋಕೆ ಎಷ್ಟು ಅಧಿಕೃತವಾಗಿರುತ್ತೆ ಅಂದರೆ, ಪಟ್ಟಿ ತಪ್ಪಿರಬಹುದು ಅಂತ ಯಾರಿಗೂ ಹೊಳೆಯಲ್ಲ. ಪಟ್ಟಿಯನ್ನು ಇನ್ನೊಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ತಂತ್ರಾಂಶ ತೆರೆಯುವುದು ಒಳ್ಳೆಯದು.

ಬೆಲೆ ತುಂಬಾ ಬೇರೆ ಬೇರೆ ಇರುವ ಪರೀಕ್ಷೆಗಳನ್ನು ಒಂದೇ ಪಟ್ಟಿಗೆ ಹಾಕುವುದೂ ಬೇಡ. 7.77 ಡಾಲರ್‌ನ ಸಿಬಿಸಿ ಜೊತೆ ನೂರಾರು ಡಾಲರ್‌ನ ಜೆನೆಟಿಕ್ ಪರೀಕ್ಷೆ ಸೇರಿಸಿದರೆ ಆ ದೊಡ್ಡದು ನೂರರಲ್ಲಿ ಬರುತ್ತೋ ಇಲ್ಲವೋ ಅನ್ನುವುದರ ಮೇಲೆ ಉತ್ತರ ಏರುಪೇರಾಗುತ್ತದೆ. ಗುಂಪು ಮಾಡಿ ಲೆಕ್ಕ ಹಾಕುವ ಸ್ಟ್ರಾಟಿಫೈಡ್ ಭಾಗ ಇದರಲ್ಲೇ ಇದೆ. ನಾನು ಇನ್ನೂ ಅದನ್ನು ಪೂರ್ತಿ ಬಳಸಿಲ್ಲ. ಹೊಸಬರು ಒಂದೇ ಕೋಡ್‌ನಿಂದ ಶುರು ಮಾಡಿದರೆ ಸಲೀಸು.

ಯಾರಿಗೆ ಇದು ಬೇಕು? ಮೆಡಿಕೇರ್ ಬಿಲ್ ಮಾಡುವ ಯಾವ ಸಣ್ಣ ಲ್ಯಾಬ್‌ಗೂ ಬೇಕು. ದುಡ್ಡು ಕೊಟ್ಟು ತಗೊಳ್ಳುವ ದೊಡ್ಡ ಆಡಿಟ್ ತಂತ್ರಾಂಶಕ್ಕೆ ಬಜೆಟ್ ಇಲ್ಲ ಅನ್ನುವವರಿಗಂತೂ ಕಣ್ಣು ಮುಚ್ಚಿ ಹೇಳುತ್ತೇನೆ. ಹೊರಗಿನವರಿಂದ ಬಿಲ್ಲಿಂಗ್ ಮಾಡಿಸುವ ಲ್ಯಾಬ್‌ಗಳು ಆ ಕಂಪನಿಯನ್ನು ಕೇಳಿ, 'ನೀವು ಪರಿಶೀಲನೆಗೆ ಫೈಲ್ ಹೇಗೆ ಆರಿಸ್ತೀರಿ, ಸೀಡ್ ನಂಬರ್ ಎಲ್ಲಿದೆ?' ಅಂತ. ಅಲ್ಲಿ ಕೆಲಸ ಮಾಡುತ್ತಿರುವ ನೀವು ಆ ಉತ್ತರ ಮೊದಲೇ ಸಿದ್ಧ ಇಟ್ಟುಕೊಂಡರೆ ನಿಮ್ಮ ಕೆಲಸಕ್ಕೂ ಬೆಲೆ ಬರುತ್ತದೆ.

ಹಳೇ ಫಾರ್ಮ್‌ಗಳನ್ನು ವಾಪಸ್ ತರಲು ನಮ್ಮ ಡ್ರೈವರ್ ಎಲ್ಲ ಕ್ಲಿನಿಕ್‌ಗಳಿಗೂ ಹೋಗಿಬಂದರು. ಹದಿನಾಲ್ಕು ಕಡೆಯಿಂದ ಎರಡು ರಟ್ಟಿನ ಪೆಟ್ಟಿಗೆ ತುಂಬ ಬಂತು. ಹೊಸ ಫಾರ್ಮ್‌ನಲ್ಲಿ ವಿಟಮಿನ್ ಡಿಗೆ ಅದರದ್ದೇ ಪೆಟ್ಟಿಗೆ, ಪಕ್ಕದಲ್ಲಿ ಕಾರಣ ಬರೆಯೋಕೆ ಒಂದು ಗೆರೆ. ಆರ್ಡರ್ ಸ್ವಲ್ಪ ಕಡಿಮೆಯಾಗಿದೆ. ಮುಂದಿನ ತಿಂಗಳು ಥೈರಾಯ್ಡ್‌ನ ಟಿಎಸ್‌ಎಚ್, ಕೋಡ್ 84443. ಪಟ್ಟಿ ಆಗಲೇ ಸಿದ್ಧವಾಗಿದೆ, ಕ್ರಮಸಂಖ್ಯೆ ಹಾಕಿ ಬೀಗ ಹಾಕಿದ್ದು ಈ ಸಲ ಆ ಹುಡುಗಿಯೇ. ಸೋಮವಾರ ಬೆಳಗ್ಗೆ ಇಬ್ಬರೂ ಕೂತು ಒಂದು ಸಲ ಒತ್ತುತ್ತೇವೆ.